ಅಪ್ಪನ ಜೀಪ್ ಒಳಗೆ ಮಾತು ಕೇಳಿಸೋ ಹಾಗೆ

1/10
ಸ್ಟೋರಿಯಲ್ಲಿ ನನ್ನ ಕೈ ಕಪ್ಪಗಿರೋದು ನೋಡಿ ತುಂಬಾ ಜನ ಕೇಳಿದ್ರಿ, "ಬಿಕಾಂ ಬಿಟ್ಟು ಗ್ಯಾರೇಜ್ ಸೇರಿದ್ಯಾ?" ಅಂತ. ಬಿಟ್ಟಿಲ್ಲ. ಆದ್ರೆ ಈ ಸಲ ರಜೆಯಲ್ಲಿ ಮತ್ತು ಅದಕ್ಕೆ ಮುಂಚಿನ ಪ್ರತಿ ಶನಿವಾರ, ಭಾನುವಾರ ನಾನು ಎಲ್ಲಿ ಮಾಯ ಆಗ್ತಿದ್ದೆ ಅನ್ನೋದನ್ನ ಹತ್ತು ಪೋಸ್ಟ್‌ಗಳಲ್ಲಿ ಹೇಳ್ತೀನಿ. ಉದ್ದ ಇದೆ. ಬಸ್ಸಲ್ಲಿ ಕೂತಾಗ ಓದಿ.

ಮೊದಲನೇ ಫೋಟೋದಲ್ಲಿ ಟಾರ್ಪಾಲ್ ಹೊದ್ಕೊಂಡು ನಿಂತಿದೆಯಲ್ಲ, ಅದು ನಮ್ಮ ಜೀಪ್. ಮಹೀಂದ್ರಾ ಎಂಎಂ 540, 1996ರ ಮಾಡೆಲ್, ಕೆಎ 13 ನಂಬರ್. ನನಗಿಂತ ಒಂಬತ್ತು ವರ್ಷ ದೊಡ್ಡದು. ಒಳಗಿರೋದು ಪ್ಯೂಜೋ ಮೂಲದ 2.1 ಲೀಟರ್ ಡೀಸೆಲ್ ಇಂಜಿನ್. 2003ರಲ್ಲಿ ಅಪ್ಪ ಒಂದು ಎಸ್ಟೇಟಿನವರಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ 1,60,000 ರೂಪಾಯಿ ಕೊಟ್ಟು ತಗೊಂಡಿದ್ರು. ನಾನು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಬಂದಿದ್ದು ಇದರಲ್ಲೇ. ನಾನು ಆವತ್ತು ದಾರಿಯುದ್ದಕ್ಕೂ ಅತ್ತೆ, ಆದ್ರೆ ಯಾರಿಗೂ ಕೇಳಿಸಲಿಲ್ಲ ಅಂತ ಅಜ್ಜಿ ಈಗಲೂ ನಗ್ತಾರೆ.

ನಮ್ಮೂರು ಸಕಲೇಶಪುರ ತಾಲೂಕಲ್ಲಿ. ಟಾರ್ ರಸ್ತೆಯಿಂದ ನಮ್ಮ ಮನೆಗೆ ನಾಲ್ಕು ಕಿಲೋಮೀಟರ್ ಮಣ್ಣು ದಾರಿ, ಮಧ್ಯದಲ್ಲಿ ಒಂದು ಹಳ್ಳ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ದಾರಿಯಲ್ಲಿ ಕಾರು ಬರಲ್ಲ, ಆಟೋದವರು ಮುಖ ತಿರುಗಿಸ್ತಾರೆ. ಕಾಫಿ ಮೂಟೆ, ಗೊಬ್ಬರ, ಕೆಲಸದವರು, ಹುಷಾರಿಲ್ಲದ ಅಜ್ಜಿ, ಎಲ್ಲದಕ್ಕೂ ಜೀಪ್ ಒಂದೇ. ಅಂಥ ಗಾಡಿ ಒಂದೂವರೆ ವರ್ಷ ಶೆಡ್ಡಲ್ಲಿ ನಿಂತಿತ್ತು. ಕೆಟ್ಟು ನಿಂತಿದ್ದಲ್ಲ. ಅಪ್ಪ ಬೀಗದ ಕೈಯನ್ನ ಮೊಳೆಗೆ ನೇತುಹಾಕಿ, ಮತ್ತೆ ಮುಟ್ಟಲಿಲ್ಲ.

2/10
ಯಾಕೆ ಅಂತ ಹೇಳ್ಬೇಕಂದ್ರೆ ಅಪ್ಪನ ಕಿವಿ ವಿಷಯ ಹೇಳ್ಬೇಕು.

ನಮ್ಮನೆಯಲ್ಲಿ ಅದು ಮೊದಲು ತಮಾಷೆಯಾಗಿ ಶುರುವಾಯ್ತು. ಊಟಕ್ಕೆ ಕೂತಾಗ ಅಪ್ಪ ಅಮ್ಮನ ಲೋಟಕ್ಕೆ ಮಜ್ಜಿಗೆ ಹಾಕ್ತಾರೆ. ಅಮ್ಮ "ಸಾಕು" ಅಂತಾರೆ. ಅಪ್ಪ ಇನ್ನೂ ಹಾಕ್ತಾರೆ. "ಸಾಕು ಅಂದ್ನಲ್ರೀ!" "ನೀನೇ ಹಾಕು ಅಂದ್ಯಲ್ಲೇ!" ಎಲ್ಲರೂ ನಗ್ತಿದ್ವಿ. ಟಿವಿ ಜೋರು, ಫೋನ್ ಜೋರು, ಅಪ್ಪನ ಮಾತೂ ಜೋರು. ಅಪ್ಪಂಗೆ ಸಿಟ್ಟು ಜಾಸ್ತಿ ಅಂತ ನನ್ನ ಫ್ರೆಂಡ್ಸ್ ಮನೆಗೆ ಬರೋಕೆ ಹೆದರ್ತಿದ್ರು.

2023ರಲ್ಲಿ ದೀಪಾವಳಿ ಆದ್ಮೇಲೆ ಮಾವ ಬಲವಂತ ಮಾಡಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರ್ಕೊಂಡು ಹೋದ್ರು. ನಾನೂ ಹೋಗಿದ್ದೆ. ಅಪ್ಪನನ್ನ ಒಂದು ಮುಚ್ಚಿದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸಣ್ಣ ಸಣ್ಣ ಶಬ್ದ ಕೇಳಿಸಿದ್ರು. ಆಮೇಲೆ ಕೈಗೆ ಒಂದು ಗ್ರಾಫ್ ಬಂತು. ಗೆರೆ ಸ್ವಲ್ಪ ದೂರ ಸಮವಾಗಿ ಹೋಗಿ, 4000 ಹರ್ಟ್ಜ್ ಹತ್ರ ಬಂದಾಗ ಹಳ್ಳಕ್ಕೆ ಬಿದ್ದ ಹಾಗೆ ಕೆಳಗೆ ಇಳಿದಿತ್ತು. ವರ್ಷಗಟ್ಟಲೆ ಜೋರು ಸದ್ದಲ್ಲಿ ಕೆಲಸ ಮಾಡಿದವರ ಕಿವಿಯಲ್ಲಿ ಹೀಗೆ ಆಗುತ್ತೆ ಅಂದ್ರು. ಕಿವಿಯೊಳಗೆ ಕೂದಲಿನ ಹಾಗಿರೋ ಸಣ್ಣ ಜೀವಕೋಶಗಳಿವೆ. ಅವು ಸತ್ತರೆ ಮತ್ತೆ ಹುಟ್ಟಲ್ಲ.

ಸ, ಶ, ಚ, ತ ಇಂಥ ಅಕ್ಷರಗಳ ಸದ್ದು ಈ ಮೇಲಿನ ಭಾಗದಲ್ಲೇ ಇರೋದು. ಅದಕ್ಕೆ ಅಪ್ಪಂಗೆ ಮಾತು ಕೇಳುತ್ತೆ, ಆದ್ರೆ ಏನು ಅಂತ ತಿಳಿಯಲ್ಲ. ಸಾಕು ಅನ್ನೋದು ಹಾಕು ಆಗೋದು ಇದಕ್ಕೇ. ನಾವು ಅಷ್ಟು ವರ್ಷ ನಕ್ಕಿದ್ದು ಯಾವುದಕ್ಕೆ ಅಂತ ಆವತ್ತು ಗೊತ್ತಾಯ್ತು.

"ಇನ್ಮೇಲೆ ಜೋರು ಸದ್ದಿನಿಂದ ಕಿವಿ ಕಾಪಾಡ್ಕೊಳ್ಳಿ" ಅಂತ ಅವರು ಅಂದ್ರು. ಅಪ್ಪ ಕೇಳಿಸಿಕೊಂಡಿದ್ದು "ಜೀಪ್ ಬಿಡಿ" ಅಂತ. ಊರಿಗೆ ಬಂದು ಬೀಗದ ಕೈಯನ್ನ ಮೊಳೆಗೆ ಹಾಕಿದ್ರು.

3/10
ಈಗ ನನ್ನ ಕಥೆ. ಇದನ್ನ ಕ್ಲಾಸಲ್ಲಿ ಯಾರಿಗೂ ಹೇಳಿಲ್ಲ.

ನಾನು ಪಿಯುಸಿ ಓದಿದ್ದು ಸೈನ್ಸ್. ಮಗಳು ಇಂಜಿನಿಯರ್ ಆಗ್ಬೇಕು ಅನ್ನೋದು ಅಪ್ಪನ ಆಸೆ. ರಿಸಲ್ಟ್ ಬಂದ ದಿನ ಸಕಲೇಶಪುರದಿಂದ ಮನೆಗೆ ಜೀಪಲ್ಲಿ ಬರ್ತಿದ್ವಿ, ನಾವಿಬ್ಬರೇ. ಮೂರು ದಿನದಿಂದ ಬಾಯಿಪಾಠ ಮಾಡಿಕೊಂಡಿದ್ದನ್ನ ಏರು ಹತ್ತೋವಾಗ ಹೇಳಿಬಿಟ್ಟೆ. "ಅಪ್ಪ, ನನಗೆ ಇಂಜಿನಿಯರಿಂಗ್ ಬೇಡ. ಲೆಕ್ಕ ಅಂದ್ರೆ ಇಷ್ಟ. ಬಿಕಾಂ ಮಾಡ್ತೀನಿ."

ಅಪ್ಪ ರಸ್ತೆ ನೋಡ್ತಾನೇ ಇದ್ರು. ಗೇರ್ ಇಳಿಸಿದ್ರು. "ಹ್ಞೂ" ಅಂದ್ರು. ಅಷ್ಟೇ.

ಬೈದಿದ್ರೆ ಅಳ್ತಿದ್ದೆ, ವಾದ ಮಾಡ್ತಿದ್ದೆ. ಆ "ಹ್ಞೂ" ಮುಂದೆ ಏನೂ ಮಾಡೋಕಾಗಲಿಲ್ಲ. ಸಂಜೆ ಅಮ್ಮನ ಹತ್ರ ಹೇಳಿದೆ, ಅಮ್ಮ ಅಪ್ಪನ ಹತ್ರ ಮಾತಾಡಿದ್ರು. ಮಾರನೇ ವಾರ ಅಪ್ಪ ಹಾಸನಕ್ಕೆ ಬಂದು ಅಡ್ಮಿಷನ್ ಫಾರಂಗೆ ಸಹಿ ಹಾಕಿದ್ರು, ಹಾಸ್ಟೆಲ್‌ಗೆ ದುಡ್ಡು ಕಟ್ಟಿದ್ರು. ಆದ್ರೆ ಆ ವಿಷಯ ಒಂದು ಮಾತೂ ಆಡಲಿಲ್ಲ. ಎರಡು ವರ್ಷ "ಓದು ಹೇಗಿದೆ?" ಅಂತ ಕೇಳಿದ್ದೂ ಕಡಿಮೆ. ನಾನು ನನ್ನೊಳಗೇ ತೀರ್ಮಾನ ಮಾಡ್ಕೊಂಡಿದ್ದೆ, ಅಪ್ಪಂಗೆ ನನ್ನ ಮೇಲೆ ಬೇಜಾರಿದೆ ಅಂತ. ಮೊದಲನೇ ಸೆಮ್‌ನಲ್ಲಿ ಅಕೌಂಟೆನ್ಸಿಗೆ ಕ್ಲಾಸಿಗೇ ಹೆಚ್ಚು ಮಾರ್ಕ್ಸ್ ಬಂದಾಗಲೂ ಫೋನ್ ಮಾಡಿದ್ದು ಅಮ್ಮಂಗೆ.

ಜೀಪನ್ನ ರಿಪೇರಿ ಮಾಡ್ಬೇಕು ಅಂತ ಹೊರಟಾಗ ನನ್ನ ತಲೆಯಲ್ಲಿದ್ದಿದ್ದು ದೊಡ್ಡ ಯೋಚನೆ ಏನಲ್ಲ. ಅಪ್ಪನ ಹತ್ರ ಮಾತಾಡೋಕೆ ಒಂದು ಕೆಲಸ ಬೇಕಿತ್ತು.

4/10
ಅಮ್ಮ ಬೇರೆ ಲೆಕ್ಕ ಹಾಕಿದ್ರು. ಒಬ್ಬರು ಮನೆಗೇ ಬಂದು ಜೀಪ್ ನೋಡಿ 1,40,000 ಕೊಡ್ತೀನಿ ಅಂದಿದ್ರು. "ಮಾರಿಬಿಡಿ, ಆ ದುಡ್ಡಲ್ಲಿ ಕಿವಿಗೆ ಇನ್ನೂ ಒಳ್ಳೆ ಮಷಿನ್ ತಗೊಳ್ಳೋಣ" ಅಂತ ಅಮ್ಮ. ಮಾತು ನ್ಯಾಯವಾಗಿಯೇ ಇತ್ತು. ಹಿಂದಿನ ವರ್ಷ ಮೆಣಸು ಮಾರಿದ ದುಡ್ಡಲ್ಲಿ ತಂದ ಮಷಿನ್ ಬೀರುವಿನಲ್ಲಿ ಡಬ್ಬಿಯೊಳಗೆ ಮಲಗಿತ್ತು. ಬೇರೆಯವರ ಜೀಪಲ್ಲಿ ಒಂದು ಸಲ ಹಾಕ್ಕೊಂಡು ಹೋಗಿ, "ತಲೆ ಒಳಗೆ ಅಕ್ಕಿ ಗಿರಣಿ ಇಟ್ಟ ಹಾಗಾಯ್ತು" ಅಂತ ತೆಗೆದಿಟ್ಟಿದ್ರು. ಮಷಿನ್ ಮಾತಿನ ಜೊತೆ ಸದ್ದನ್ನೂ ದೊಡ್ಡದು ಮಾಡುತ್ತೆ ಅಲ್ವಾ.

ನಾನು ನೋಟ್‌ಬುಕ್ ತೆಗೆದೆ. ಕಾಮರ್ಸ್‌ನವರು ಸ್ವಲ್ಪ ಗಮನ ಕೊಡಿ. 1,60,000ದ ಆಸ್ತಿ, ವರ್ಷಕ್ಕೆ 15% ಸವಕಳಿ, ಡಬ್ಲ್ಯುಡಿವಿ ಪದ್ಧತಿ, 22 ವರ್ಷ. ಉತ್ತರ ಸುಮಾರು 4,480 ರೂಪಾಯಿ. ಪುಸ್ತಕದ ಪ್ರಕಾರ ನಮ್ಮ ಜೀಪಿನ ಬೆಲೆ ಎರಡು ಟೈರ್‌ಗೂ ಸಾಲಲ್ಲ. ಆದ್ರೆ ಡಬ್ಲ್ಯುಡಿವಿಯಲ್ಲಿ ಒಂದು ಚಂದ ಇದೆ, ಎಷ್ಟು ವರ್ಷ ಕಳೆದರೂ ಬೆಲೆ ಸೊನ್ನೆ ಆಗಲ್ಲ.

ಇನ್ನೊಂದು ಕಡೆ, ಜೀಪ್ ಇಲ್ಲದೆ ಒಂದು ಮಳೆಗಾಲದಲ್ಲಿ ಬಾಡಿಗೆ ಜೀಪಿಗೆ ಕೊಟ್ಟಿದ್ದು 18,000. ಮಾರಿದ್ರೆ ಪ್ರತಿ ವರ್ಷ ಆ ಖರ್ಚು ಇದ್ದೇ ಇರುತ್ತೆ. ಮತ್ತೆ ಮುಂದಿನ ವರ್ಷ ಆರ್‌ಸಿ ಮುಗಿಯುತ್ತೆ. ಹದಿನೈದು ವರ್ಷ ದಾಟಿದ ಸ್ವಂತ ಗಾಡಿಗೆ ಐದೈದು ವರ್ಷಕ್ಕೆ ನವೀಕರಣ ಆಗ್ಬೇಕು, ಗಾಡಿ ತೋರಿಸ್ಬೇಕು. ತೂತು ಬಿದ್ದ ಬಾಡಿ ತೋರಿಸೋಕಾಗಲ್ಲ. ಅಂದ್ರೆ ಟಿಂಕರಿಂಗ್ ಕೆಲಸ ಹೇಗೂ ಮಾಡಿಸಲೇಬೇಕು.

ಹಾಸನದ ಒಂದು ಅಂಗಡಿಗೆ ಟ್ಯಾಲಿ ಎಂಟ್ರಿ ಮಾಡಿ ಉಳಿಸಿದ್ದ 12,000 ನನ್ನ ಹತ್ರ ಇತ್ತು. "ಇದು ನನ್ನ ಬಂಡವಾಳ" ಅಂತ ಅಮ್ಮನ ಮುಂದೆ ಇಟ್ಟೆ. ಅಮ್ಮ ಅದನ್ನ ನೋಡಿ, ನನ್ನ ನೋಡಿ, "ಮಳೆ ಹಿಡಿಯೋದ್ರೊಳಗೆ ಮುಗಿಸಿ" ಅಂದ್ರು.

5/10
ಇನ್ನು ಕೆಲಸದ ವಿಷಯ. ಹಳೆ ಗಾಡಿ ಇರೋರು ಇದನ್ನ ಸೇವ್ ಮಾಡಿಟ್ಕೊಳ್ಳಿ.

ನಾನು ಮಾಡಿದ ಮೊದಲ ಕೆಲಸವೇ ತಪ್ಪು. ವಿಡಿಯೋದಲ್ಲಿ ಎಲ್ಲರೂ ಬೆಳ್ಳಿ ಬಣ್ಣದ ಶೀಟ್ ಅಂಟಿಸೋದು ನೋಡಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಥರ ಕಂಡ ಟೇಪ್ ತಂದೆ, 1,100 ರೂಪಾಯಿ. ಅದು ಮನೆ ಮಾಡು ಸೋರದ ಹಾಗೆ ಹಾಕೋ ಡಾಂಬರಿನ ಟೇಪ್. ಜೀಪಿನ ತಗಡಿನ ಟಾಪ್ ಒಳಗೆ ಸರಿಯಾಗಿ ಒರೆಸದೆ ಅಂಟಿಸಿದೆ. ಏಪ್ರಿಲ್ ಬಿಸಿಲು. ಮಧ್ಯಾಹ್ನದ ಹೊತ್ತಿಗೆ ಅದು ಜಾರಿ, ಸೀಟಿನ ಮೇಲೆ ಜೋತುಬಿದ್ದು, ಶೆಡ್ಡಿಗೆಲ್ಲ ರಸ್ತೆ ಹಾಕೋ ವಾಸನೆ. ಸೀಮೆಎಣ್ಣೆ ಹಾಕಿ ಉಜ್ಜಿ ತೆಗೆಯೋಕೆ ಎರಡು ಭಾನುವಾರ ಹೋಯ್ತು. ಫೋಟೋ 3ರ ಕೈ ಆವತ್ತಿನದು.

ಅಪ್ಪ ಜಗಲಿಯಲ್ಲಿ ಕೂತು ಇದನ್ನೆಲ್ಲ ನೋಡ್ತಿದ್ರು. ಎರಡನೇ ಭಾನುವಾರ ಎದ್ದು ಬಂದು, ಟಾಪನ್ನ ಬೆರಳ ಗೆಣ್ಣಿಂದ ಬಡಿದು, "ಗಾಡಿ ಯಾಕೆ ಸದ್ದು ಮಾಡುತ್ತೆ ಅಂತ ಮೊದಲು ನೋಡು. ಆಮೇಲೆ ಅದರ ಬಾಯಿ ಮುಚ್ಚು" ಅಂದ್ರು.

ನಾನು ಓದಿದ ಎಲ್ಲದರ ಸಾರ ಇದೇ. ಕ್ರಮ ಹೀಗೆ. ಮೊದಲು ಸದ್ದು ಹುಟ್ಟೋ ಜಾಗ ಸರಿ ಮಾಡ್ಬೇಕು. ಎರಡು, ಸದ್ದು ನುಗ್ಗೋ ತೂತು ಮುಚ್ಚಬೇಕು. ಮೂರು, ನಡುಗೋ ತಗಡಿನ ನಡುಕ ನಿಲ್ಲಿಸಬೇಕು. ಕೊನೆಗೆ ಉಳಿದ ಸದ್ದನ್ನ ಹೀರೋ ಫೋಮ್, ಮ್ಯಾಟ್. ನಾವೆಲ್ಲ ಕೊನೆಯದರಿಂದ ಶುರು ಮಾಡ್ತೀವಿ, ಯಾಕಂದ್ರೆ ಫೋಟೋದಲ್ಲಿ ಚೆನ್ನಾಗಿ ಕಾಣೋದು ಅದೇ.

ಈ ಗಾಡಿಯನ್ನ ಬೈಯೋದೂ ತಪ್ಪು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ವಂಶ ಇದು. ಮಹೀಂದ್ರಾದವರು 1947ರಲ್ಲಿ ನಮ್ಮ ದೇಶದಲ್ಲಿ ಜೋಡಿಸೋಕೆ ಶುರು ಮಾಡಿದ್ದು ಅದನ್ನೇ. ಕೆಸರಲ್ಲಿ ಹೋಗ್ಬೇಕು, ಹೊರೆ ಹೊರಬೇಕು, ಕೆಟ್ಟರೆ ಹಳ್ಳಿಯಲ್ಲೇ ರಿಪೇರಿ ಆಗ್ಬೇಕು. ಇದರೊಳಗೆ ಕೂತು ಮಾತಾಡೋದು ಯಾರ ಪಟ್ಟಿಯಲ್ಲೂ ಇರಲಿಲ್ಲ. ಅದರ ಮೇಲೆ ನಮ್ಮದಕ್ಕೆ ಹಾಸನದಲ್ಲಿ ಕಟ್ಟಿಸಿದ ತಗಡಿನ ಟಾಪ್ ಬೇರೆ. ಅಂದ್ರೆ ಡಬ್ಬದೊಳಗೆ ಕೂತ ಹಾಗೆ.

6/10
ಮೊದಲು ಗಾಡಿ ಸ್ಟಾರ್ಟ್ ಆಗ್ಬೇಕಲ್ಲ. ಹೊಸ ಬ್ಯಾಟರಿ, ಆಯಿಲ್, ಡೀಸೆಲ್ ಫಿಲ್ಟರ್. ಕೈ ಪಂಪ್ ಒತ್ತಿ ಒಳಗಿನ ಗಾಳಿ ತೆಗೆಯೋದು ಅಪ್ಪನೇ ತೋರಿಸಿಕೊಟ್ರು. ಹೀಟರ್ ಕೊಟ್ಟು, ಎಣಿಸಿ, ಸೆಲ್ಫ್ ಹೊಡೆದಾಗ ಎರಡು ಸಲ ಕೆಮ್ಮಿ ಎದ್ದಿತು. ಶೆಡ್ ತುಂಬಾ ಹೊಗೆ. ಅಜ್ಜಿ ಒಳಗಿಂದ "ಬಂತಾ?" ಅಂತ ಕೂಗಿದ್ರು, ಊರಿಗೆ ಹೋದವರು ವಾಪಸ್ ಬಂದ ಹಾಗೆ. ಆಮೇಲೆ ಬ್ರೇಕ್ ಬಿಚ್ಚಿಸಿ ರಬ್ಬರೆಲ್ಲ ಬದಲಿಸಿದ್ವಿ. ಯಾರೇ ಹಳೆ ಗಾಡಿ ಎಬ್ಬಿಸಿದ್ರೂ ದಯವಿಟ್ಟು ಬ್ರೇಕ್ ಮೊದಲು, ಬಣ್ಣ ಆಮೇಲೆ. ಬರೀ ಜ್ಯಾಕ್ ಮೇಲೆ ನಿಂತ ಗಾಡಿ ಕೆಳಗೆ ಹೋಗ್ಬೇಡಿ, ಸ್ಟ್ಯಾಂಡ್ ಇಡಿ.

ಸದ್ದು ಹುಟ್ಟೋ ಜಾಗ ಎರಡು ಸಿಕ್ಕಿದ್ವು. ಸೈಲೆನ್ಸರ್ ತುಕ್ಕು ತಿಂದು ಜಾಯಿಂಟ್ ಹತ್ರ ಸೀಳಿತ್ತು. ಇಂಜಿನ್ ಕೂರೋ ಮೌಂಟಿಂಗ್ ರಬ್ಬರ್‌ಗಳು ಆಯಿಲ್ ಕುಡಿದು ಕಲ್ಲಾಗಿದ್ವು. ಆ ರಬ್ಬರ್ ಮೆತ್ತಗಿದ್ರೆ ಇಂಜಿನ್ ನಡುಕ ಅಲ್ಲೇ ಸಾಯುತ್ತೆ. ಗಟ್ಟಿಯಾದ್ರೆ ನಡುಕ ನೇರವಾಗಿ ಚಾಸಿಗೆ, ಅಲ್ಲಿಂದ ಬಾಡಿಗೆ, ಅಲ್ಲಿಂದ ನಿಮ್ಮ ಬೆನ್ನಿಗೆ. ಎರಡೂ ಬದಲಿಸಿದ್ವಿ.

ಆಮೇಲೆ ತೂತು ಹುಡುಕೋದು. ಇದು ನನಗೆ ತುಂಬಾ ಇಷ್ಟವಾದ ರಾತ್ರಿ. ಊಟ ಆದ್ಮೇಲೆ ಶೆಡ್ಡಿನ ಲೈಟ್ ಆರಿಸಿ ನಾನು ಜೀಪ್ ಒಳಗೆ ಕೂತೆ. ಅಪ್ಪ ಹೊರಗೆ ಟಾರ್ಚ್ ಹಿಡ್ಕೊಂಡು ಕೆಳಗಿಂದ, ಬಾನೆಟ್ ಒಳಗಿಂದ, ಬಾಗಿಲ ಸಂದಿಯಿಂದ ಬೆಳಕು ಬಿಡ್ತಾ ಹೋದ್ರು. ಬೆಳಕು ಬಂದ ಕಡೆಯೆಲ್ಲ ಸದ್ದೂ ಬರುತ್ತೆ. ಪೆಡಲ್ ಹತ್ರ, ಗೇರ್ ಲಿವರ್ ಸುತ್ತ, ವೈರ್ ಹೋಗೋ ತೂತುಗಳಲ್ಲಿ, ಡ್ರೈವರ್ ಸೀಟ್ ಕೆಳಗಂತೂ ನಕ್ಷತ್ರ ಚೆಲ್ಲಿದ ಹಾಗೆ. ನಾನು ಸೀಮೆಸುಣ್ಣದಲ್ಲಿ ಗುರುತು ಹಾಕ್ತಾ ಹೋದೆ. 43 ಆಯ್ತು.

ಕತ್ತಲಲ್ಲಿ ಅಪ್ಪಂಗೆ ನನ್ನ ತುಟಿ ಕಾಣಲ್ಲ, ಮಾತು ತಿಳಿಯಲ್ಲ. ಅದಕ್ಕೆ ನಾನು ಬೆಳಕು ಕಂಡಾಗ ತಗಡಿಗೆ ಒಂದು ಸಲ ಬಡೀತಿದ್ದೆ, ಗುರುತು ಹಾಕಿದ ಮೇಲೆ ಎರಡು ಸಲ. ಅವರು ತಗಡಿಗೆ ಅಂಗೈ ಇಟ್ಟು ಅದನ್ನ ಹಿಡೀತಿದ್ರು. ಒಂದು ಗಂಟೆ ಒಂದು ಮಾತಿಲ್ಲದೆ ಕೆಲಸ ಮಾಡಿದ್ವಿ. ಎರಡು ವರ್ಷದಲ್ಲಿ ನಾವಿಬ್ಬರೂ ಅಷ್ಟು ಮಾತಾಡಿರಲಿಲ್ಲ.

7/10
ಟಿಂಕರ್ ಅಣ್ಣ ವೆಲ್ಡಿಂಗ್ ಮಷಿನ್ ತಗೊಂಡು ಮನೆಗೇ ಬಂದ್ರು. ಶುರು ಮಾಡೋಕೆ ಮುಂಚೆ ಬ್ಯಾಟರಿ ಕನೆಕ್ಷನ್ ಬಿಚ್ಚಿಸಿದ್ರು, ನೆನಪಿಟ್ಕೊಳ್ಳಿ. ಡ್ರೈವರ್ ಕಾಲ ಕೆಳಗಿನ ತಗಡನ್ನ ಸ್ಕ್ರೂಡ್ರೈವರ್‌ನಿಂದ ಚುಚ್ಚಿದ್ರೆ ಹಪ್ಪಳದ ಹಾಗೆ ಮುರೀತು. ಇಪ್ಪತ್ತು ವರ್ಷದ ಮಲೆನಾಡ ಮಳೆ, ಒದ್ದೆ ಚಪ್ಪಲಿ, ಮ್ಯಾಟ್ ಕೆಳಗೆ ನಿಂತ ನೀರು. ಕೆಟ್ಟ ತಗಡು ಕತ್ತರಿಸಿ ಹೊಸದು ಕೂರಿಸಿದ್ರು. ಮಿಕ್ಕ ಕಡೆ ನಾನು ವೈರ್ ಬ್ರಷ್ ಹಿಡಿದು ತುಕ್ಕು ಕೆರೆದು, ಒರೆಸಿ, ರೆಡ್ ಆಕ್ಸೈಡ್ ಹೊಡೆದು, ಒಣಗಿದ ಮೇಲೆ ಬಣ್ಣ ಹೊಡೆದೆ. ತುಕ್ಕಿನ ಮೇಲೆ ನೇರವಾಗಿ ಶೀಟ್ ಅಂಟಿಸಿದ್ರೆ ಸದ್ದೇನೋ ಕಡಿಮೆ ಆಗುತ್ತೆ, ಆದ್ರೆ ಒಳಗೊಳಗೇ ತಗಡು ತಿಂದು ಹೋಗೋದು ಕಾಣೋದೇ ಇಲ್ಲ.

ಸಣ್ಣ ತೂತುಗಳಿಗೆ ರಬ್ಬರ್ ಬಿರಡೆ, ವೈರ್ ಹೋಗೋ ಕಡೆ ರಬ್ಬರ್ ಬಳೆ, ಬಾಗಿಲ ಸುತ್ತ ಹೊಸ ಬೀಡಿಂಗ್. ಗೇರ್ ಮತ್ತು ಫೋರ್ ವೀಲ್ ಲಿವರ್‌ಗಳಿಗೆ ಹೊಸ ರಬ್ಬರ್ ಬೂಟು. ಒಂದು ಎಚ್ಚರಿಕೆ. ನೆಲದಲ್ಲಿ ನೀರು ಹೋಗೋಕೆ ಅಂತಲೇ ಬಿಟ್ಟಿರೋ ತೂತುಗಳಿರುತ್ತೆ. ಅವುಗಳಿಗೆ ತೆಗೆದು ಹಾಕೋ ಬಿರಡೆ ಇಡಿ, ಶಾಶ್ವತವಾಗಿ ಮುಚ್ಚಬೇಡಿ.

ಮೂರನೇ ಹಂತಕ್ಕೆ ಈ ಸಲ ಸರಿಯಾದ ಬ್ಯೂಟೈಲ್ ಶೀಟ್ ತರಿಸಿದೆ. ಒಂದು ಕಡೆ ಅಂಟು ರಬ್ಬರ್, ಮೇಲೆ ಅಲ್ಯೂಮಿನಿಯಂ ಹಾಳೆ. ಇದು ಸದ್ದು ತಡೆಯೋ ಗೋಡೆ ಅಲ್ಲ. ಊರ ಹಬ್ಬದಲ್ಲಿ ತಮಟೆ ಬಡೀತಾ ಇದ್ದಾಗ ಚರ್ಮದ ಮೇಲೆ ಅಂಗೈ ಒತ್ತಿ ಹಿಡಿದ್ರೆ ಏನಾಗುತ್ತೆ? ಸದ್ದು ಅಲ್ಲೇ ಸತ್ತು ಬರೀ "ಡಬ್" ಅನ್ನುತ್ತೆ. ಈ ಶೀಟ್ ಆ ಅಂಗೈ. ಅದಕ್ಕೆ ತಗಡನ್ನೆಲ್ಲ ಮುಚ್ಚಬೇಕಾಗಿಲ್ಲ. ಪ್ರತಿ ದೊಡ್ಡ ತಗಡಿನ ನಡುಭಾಗದಲ್ಲಿ ಕಾಲು ಭಾಗದಿಂದ ಅರ್ಧ ಮುಚ್ಚಿದ್ರೂ ಸಾಕು, ಆದ್ರೆ ರೋಲರ್ ಹಿಡಿದು ಗಾಳಿ ಇಲ್ಲದ ಹಾಗೆ ಒತ್ತಬೇಕು. ಎಲ್ಲಿ ಹಾಕ್ಬೇಕು ಅಂತ ಹೇಳಿದ್ದು ಅಜ್ಜಿ! ಹಲಸಿನ ಹಣ್ಣು ಬಡಿದು ನೋಡೋ ಕೈ ಅದು. ತಗಡಿನ ಮೇಲೆ ತಟ್ಟುತ್ತಾ, "ಇಲ್ಲಿ ಟೊಳ್ಳು, ಇಲ್ಲಿ ಬೇಡ, ಇಲ್ಲಿ ಟೊಳ್ಳು" ಅಂತ ಗುರುತು ಹಾಕ್ಸಿದ್ರು.

8/10
ಕೊನೇ ಹಂತ ಫೋಮ್. ಇಲ್ಲಿ ತುಂಬಾ ಜನ ಹಾಳಾಗೋದು. ಹಾಸಿಗೆಯ ಸ್ಪಂಜು, ಹಳೆ ಬಟ್ಟೆಯ ಫೆಲ್ಟ್, ಮೊಟ್ಟೆ ಟ್ರೇ, ಯಾವುದೂ ಬೇಡ. ನೀರು ಕುಡಿದು ಇಟ್ಕೊಳ್ಳುತ್ತೆ, ನಮ್ಮ ಕಡೆ ಮಳೆಗೆ ಒಂದೇ ವರ್ಷದಲ್ಲಿ ನೆಲ ಮತ್ತೆ ಹಪ್ಪಳ. ಬೆಂಕಿ ಭಯ ಬೇರೆ. ನಾನು ತಗೊಂಡಿದ್ದು ಏಸಿ ಪೈಪಿಗೆ ಸುತ್ತುತ್ತಾರಲ್ಲ, ಆ ಕಪ್ಪು ನೈಟ್ರೈಲ್ ರಬ್ಬರ್ ಫೋಮ್, ಶೀಟ್ ರೂಪದಲ್ಲಿ. ಅದರ ಗುಳ್ಳೆಗಳು ಮುಚ್ಚಿರುತ್ತವೆ, ನೀರು ಒಳಗೆ ಹೋಗಲ್ಲ. ಸೈಲೆನ್ಸರ್ ಪೈಪ್ ಹಾದುಹೋಗೋ ಕಡೆ ಏನೂ ಅಂಟಿಸಲಿಲ್ಲ. ನೆಲಕ್ಕೆ ಖಾಯಂ ಅಂಟು ಹಾಕದೆ, ಮೇಲೆ ಭಾರದ ರಬ್ಬರ್ ಮ್ಯಾಟ್ ಹಾಸಿದ್ವಿ. ಆ ಮ್ಯಾಟ್ ಶೆಡ್ಡಲ್ಲೇ ಇತ್ತು. ಮಳೆ ದಿನ ಸಂಜೆ ತೆಗೆದು ಒಣಗಿಸಬಹುದು.

ಸದ್ದು ಅಳೆದಿದ್ದು ಫೋನ್ ಆ್ಯಪಲ್ಲಿ. ಅದು ಪಕ್ಕಾ ಅಳತೆ ಅಲ್ಲ, ಆದ್ರೆ ಮೊದಲಿಗೂ ಕೊನೆಗೂ ಇರೋ ವ್ಯತ್ಯಾಸ ನೋಡೋಕೆ ಸಾಕು. ಪ್ರತಿ ಸಲ ಅದೇ ರಸ್ತೆ, ಮೂರನೇ ಗೇರ್, 40ರ ವೇಗ, ಕಿಟಕಿ ಮುಚ್ಚಿ.

ಶುರುವಿನಲ್ಲಿ: 93 ಡೆಸಿಬೆಲ್
ಸೈಲೆನ್ಸರ್, ಮೌಂಟಿಂಗ್ ಆದ್ಮೇಲೆ: 89
ತೂತು, ಬೀಡಿಂಗ್ ಆದ್ಮೇಲೆ: 87
ಬ್ಯೂಟೈಲ್ ಆದ್ಮೇಲೆ: 86
ಫೋಮ್, ಮ್ಯಾಟ್ ಆದ್ಮೇಲೆ: 84

"ಬರೀ ಒಂಬತ್ತಾ?" ಅನ್ಬೇಡಿ. ಡೆಸಿಬೆಲ್ ಲೆಕ್ಕ ನಮ್ಮ ಸಾದಾ ಕೂಡು ಕಳೆ ಅಲ್ಲ. ಮೂರು ಇಳಿದ್ರೆ ಸದ್ದಿನ ಶಕ್ತಿ ಅರ್ಧ. ಒಂಬತ್ತು ಇಳಿದ್ರೆ ಎಂಟನೇ ಒಂದು ಭಾಗ. ಕಿವಿಗೆ ಅದು ಹೆಚ್ಚು ಕಡಿಮೆ ಅರ್ಧ ಆದ ಹಾಗೆ ಅನ್ಸುತ್ತೆ. ಕಿವಿಯ ಸುರಕ್ಷತೆಗೆ ಹೇಳೋ ಲೆಕ್ಕವೂ ಇದೇ ಥರ. ದಿನಕ್ಕೆ 85 ಇದ್ರೆ ಎಂಟು ಗಂಟೆ, 88 ಇದ್ರೆ ನಾಲ್ಕು, 91 ಇದ್ರೆ ಎರಡು, 94 ಇದ್ರೆ ಒಂದೇ ಗಂಟೆ. ಅಪ್ಪ 93ರ ಆಸುಪಾಸಲ್ಲಿ ದಿನಾ ಮೂರು ನಾಲ್ಕು ಗಂಟೆ ಕೂತಿದ್ರು, ಇಪ್ಪತ್ತು ವರ್ಷ. ಅದರಲ್ಲಿ ಎಷ್ಟೋ ಗಂಟೆ ನನ್ನನ್ನ ಸ್ಕೂಲ್ ಬಸ್ಸಿಗೆ ಬಿಡೋಕೆ.

9/10
ಖರ್ಚು. ಎಲ್ಲರೂ ಡಿಎಂ ಮಾಡಿ ಕೇಳಿದ್ದು ಇದೇ.

ಟಿಂಕರಿಂಗ್, ವೆಲ್ಡಿಂಗ್: 14,000
ಬ್ಯಾಟರಿ, ಆಯಿಲ್, ಫಿಲ್ಟರ್: 8,400
ಬ್ರೇಕ್: 2,300
ಸೈಲೆನ್ಸರ್: 3,200
ಇಂಜಿನ್ ಮೌಂಟಿಂಗ್: 1,800
ಬೀಡಿಂಗ್, ರಬ್ಬರ್ ಬಿರಡೆ, ಬೂಟು: 1,350
ಬ್ಯೂಟೈಲ್ ಶೀಟ್: 6,400
ಫೋಮ್: 2,900
ಪ್ರೈಮರ್, ಬಣ್ಣ: 2,700
ಡಾಂಬರ್ ಟೇಪ್ (ಪಾಠದ ಫೀಸು): 1,100
ಒಟ್ಟು: 44,150

ಈಗ ನಮ್ಮ ಕಾಸ್ಟಿಂಗ್ ಕ್ಲಾಸ್. ಸೈಲೆನ್ಸರ್, ಮೌಂಟಿಂಗ್, ಬೀಡಿಂಗ್ ಮೂರೂ ಸೇರಿ 6,350ಕ್ಕೆ ಆರು ಡೆಸಿಬೆಲ್ ಇಳೀತು. ಒಂದು ಡೆಸಿಬೆಲ್‌ಗೆ ಸುಮಾರು 1,058 ರೂಪಾಯಿ. ಶೀಟ್ ಮತ್ತು ಫೋಮ್ 9,300ಕ್ಕೆ ಇಳಿದಿದ್ದು ಮೂರು. ಒಂದಕ್ಕೆ 3,100. ದೊಡ್ಡ ತೂತುಗಳನ್ನ ಮುಚ್ಚಿದ್ದು ಟಿಂಕರ್ ಅಣ್ಣ, ಆ 14,000ದಲ್ಲಿ ಸ್ವಲ್ಪ ಭಾಗ ಇಲ್ಲಿಗೂ ಸೇರ್ಬೇಕು, ಒಪ್ತೀನಿ. ಆದ್ರೆ ಆರ್‌ಸಿಗೋಸ್ಕರ ಅದು ಹೇಗೂ ಆಗಲೇಬೇಕಿತ್ತು. ನಿಮ್ಮ ಹತ್ರ ಹತ್ತು ಸಾವಿರ ಮಾತ್ರ ಇದ್ರೆ ಬೆಳ್ಳಿ ಶೀಟ್ ಕನಸು ಬಿಟ್ಟು ರಬ್ಬರ್ ಬದಲಿಸಿ, ತೂತು ಮುಚ್ಚಿ.

ಹಾಗಂತ ಶೀಟ್ ದಂಡ ಅಂತ ಅಲ್ಲ. ಬ್ಯೂಟೈಲ್ ಹಾಕಿದ ಮೇಲೆ ಅಂಕಿ ಒಂದೇ ಇಳಿದ್ರೂ ಸದ್ದಿನ ಬಣ್ಣವೇ ಬದಲಾಯ್ತು. ತಲೆ ಮೇಲಿನ ಆ ಝಣಝಣ ಹೋಯ್ತು. ಮಳೆ ಬಿದ್ದಾಗ ಟಾಪ್ ಮೇಲೆ ಕಲ್ಲು ಸುರಿದ ಹಾಗೆ ಕೇಳ್ತಿತ್ತು, ಈಗ ಹೆಂಚಿನ ಮೇಲೆ ಬಿದ್ದ ಹಾಗೆ.

ಇದು ಕಾರಿನ ಹಾಗೆ ಮೌನ ಆಗಿದೆ ಅಂದ್ರೆ ಸುಳ್ಳು. ಡೀಸೆಲ್ ಕಟಕಟ ಇದೆ, ಗೇರ್ ಬಾಕ್ಸ್ ಹಾಡು ಇದೆ, ಟೈರ್ ಸದ್ದು ಇದೆ. ಇಂಜಿನ್ ಬದಲಿಸಿ ಅಂತ ಕೆಲವರು ಹೇಳಿದ್ರಿ. ಹಾಗೆಲ್ಲ ಬದಲಿಸೋಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಅನುಮತಿ ಇಲ್ಲದೆ ಮಾಡಿದ್ರೆ ಆರ್‌ಸಿ ಕಥೆ ಮುಗೀತು. ನಮಗೆ ಅದು ಬೇಕಾಗೂ ಇರಲಿಲ್ಲ. ಕೂಗದೆ ಮಾತಾಡೋಕಾದ್ರೆ ಸಾಕಿತ್ತು.

10/10
ಜೂನ್ ಮೊದಲ ವಾರ. ಮೋಡ ಕಟ್ಟಿತ್ತು. ನನ್ನ ರಜೆ ಮುಗಿದು ಹಾಸನಕ್ಕೆ ಹೊರಟಿದ್ದೆ. ಅಮ್ಮ ಬೀರುವಿನಿಂದ ಡಬ್ಬಿ ತಂದು ಅಪ್ಪನ ಕೈಗೆ ಕೊಟ್ರು. ಅಪ್ಪ ಏನೂ ಹೇಳದೆ ಮಷಿನ್ ಕಿವಿಗೆ ಹಾಕ್ಕೊಂಡು, ಮೊಳೆಯಿಂದ ಬೀಗದ ಕೈ ತೆಗೆದ್ರು.

ಹಳ್ಳ ದಾಟಿ ಟಾರ್ ರಸ್ತೆಗೆ ಬಂದ ಮೇಲೆ ನಾನು ಕೇಳಿದೆ. ಕೂಗಲಿಲ್ಲ, ಮಾಮೂಲಿ ದನಿಯಲ್ಲೇ. "ಅಪ್ಪ, ಅವತ್ತು ನಾನು ಬಿಕಾಂ ಮಾಡ್ತೀನಿ ಅಂದಾಗ ತುಂಬಾ ಬೇಜಾರಾಗಿತ್ತಾ?"

"ಯಾವತ್ತು?"

"ರಿಸಲ್ಟ್ ಬಂದ ದಿನ. ಇದೇ ಜೀಪಲ್ಲಿ ಹೇಳಿದ್ನಲ್ಲ. ಹ್ಞೂ ಅಂದ್ರಿ ಅಷ್ಟೇ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಅಂದ್ರು, "ನೀನು ಏನೋ ಹೇಳಿದ್ದು ಗೊತ್ತಾಯ್ತು ಪುಟ್ಟಿ. ಏನು ಅಂತ ಕೇಳಿಸಲಿಲ್ಲ. ಎರಡೆರಡು ಸಲ ಏನು ಏನು ಅಂದ್ರೆ ನಿಂಗೆ ಸಿಟ್ಟು ಬರುತ್ತೆ. ಅದಕ್ಕೆ ಹ್ಞೂ ಅಂದೆ."

ನನಗೆ ಉಸಿರೇ ಬರಲಿಲ್ಲ.

"ಸಂಜೆ ನಿಮ್ಮಮ್ಮ ಹೇಳಿದ್ಲು. ಬಿಕಾಂ ಮಾಡೋದಕ್ಕೆ ನಂಗೇನೂ ಬೇಜಾರಿರಲಿಲ್ಲ. ನನ್ನ ಹತ್ರ ಹೇಳದೆ ಅವಳ ಹತ್ರ ಹೇಳಿದ್ಯಲ್ಲ ಅಂತ ಒಂಚೂರು ಅನ್ನಿಸ್ತು. ಅಷ್ಟೇ."

ಎರಡು ವರ್ಷ. ನಾನು ಅವರು ಸಿಟ್ಟಾಗಿದ್ದಾರೆ ಅಂತ, ಅವರು ನಾನು ಅವರಿಗೆ ಹೇಳಲೇ ಇಲ್ಲ ಅಂತ. ನಾನು ಹೇಳಿದ್ದೆ. ಸೈಲೆನ್ಸರ್ ಸೀಳಿತ್ತು, ರಬ್ಬರ್ ಕಲ್ಲಾಗಿತ್ತು, 43 ತೂತಿತ್ತು. ನಾನು ಎರಡನೇ ಸಲ ಹೇಳ್ಬಹುದಿತ್ತು, ಅವರು ಎರಡನೇ ಸಲ ಕೇಳ್ಬಹುದಿತ್ತು. ಇಬ್ಬರೂ ಮಾಡಲಿಲ್ಲ.

ಹಾಸನಕ್ಕೆ ಬಸ್ ಹಿಡಿಯೋವರೆಗೆ ಕಾಸ್ಟ್ ಅಕೌಂಟಿಂಗ್ ಅಂದ್ರೆ ಏನು ಅಂತ ಹೇಳ್ಕೊಂಡು ಬಂದೆ. ಅಪ್ಪ ಕಾಫಿ ಕೊಯ್ಲಿನ ಕೂಲಿ ಲೆಕ್ಕ ಹೇಗೆ ಬರೀಬೇಕು ಅಂತ ಕೇಳಿದ್ರು. ಎಲ್ಲ ಮಾತೂ ತಿಳೀತು ಅಂತ ಹೇಳಲ್ಲ. ಮೂರ್ನಾಲ್ಕು ಸಲ "ಏನು?" ಅಂದ್ರು. ನಾನು ಮೂರ್ನಾಲ್ಕು ಸಲ ಮತ್ತೆ ಹೇಳಿದೆ. ಹೋದ ಕಿವಿ ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳೋದು ಅಷ್ಟೇ.

ಅದಕ್ಕೆ ಇದನ್ನ ಓದಿದ ಮೇಲೆ ಲೈಕ್ ಒತ್ತದಿದ್ರೂ ಪರವಾಗಿಲ್ಲ, ಒಂದು ಕೆಲಸ ಮಾಡಿ. ನಿಮ್ಮನೆಯಲ್ಲಿ ಟ್ರ್ಯಾಕ್ಟರ್, ಟಿಲ್ಲರ್, ಲಾರಿ, ಗಿರಣಿ, ಮರ ಕೊಯ್ಯೋ ಮಷಿನ್ ಜೊತೆ ಕೆಲಸ ಮಾಡೋರಿದ್ರೆ ಒಂದು ಸಲ ಕಿವಿ ಪರೀಕ್ಷೆ ಮಾಡಿಸಿ. ಕಿವಿಗೆ ಹಾಕೋ ಪ್ಲಗ್ ತಂದುಕೊಡಿ. ಮತ್ತೆ, "ಹ್ಞೂ" ಅಂದ್ರೆ ಇನ್ನೊಂದು ಸಲ ಹೇಳಿ.

ಬಸ್ ಸ್ಟಾಪಲ್ಲಿ ಇಳಿಯೋವಾಗ ಅಪ್ಪ ಹುಬ್ಬು ಗಂಟಿಕ್ಕಿ, ತಲೆ ಓರೆ ಮಾಡಿ ಅಂದ್ರು, "ಎಡಗಡೆ ಹಿಂದೆ ಏನೋ ಟಿಕ್ ಟಿಕ್ ಅಂತಿದೆ ಕಣೆ, ನಿಂಗೆ ಕೇಳಿಸ್ತಾ?"

ನನಗೆ ಕೇಳಿಸಿರಲಿಲ್ಲ. ದೊಡ್ಡ ಸದ್ದು ಹೋದ ಮೇಲೆ ಅದರಡಿ ಮುಚ್ಚಿಹೋಗಿದ್ದ ಸಣ್ಣ ಸದ್ದುಗಳೆಲ್ಲ ಹೊರಗೆ ಬರ್ತವಂತೆ. ಮುಂದಿನ ಭಾನುವಾರ ಅದನ್ನ ಹುಡುಕಬೇಕು. ಅಪ್ಪನೇ ಫೋನ್ ಮಾಡಿ ಬಾ ಅಂದಿದ್ದಾರೆ.

#ನಮ್ಮ_ಜೀಪ್ #ಎಂಎಂ540 #ಸಕಲೇಶಪುರ #ಬಿಕಾಂ_ಡೈರಿ